ಸಿಗ್ನಲ್ ಸಿಗುವ ಗುಡ್ಡ ಹತ್ತಲಾರದವರು

ಕೊರೊನಾ ಕಾಲದ ಕೊಡಗು ಎಂದರೆ ಹಲವರಿಗೆ ಶನಿವಾರಸಂತೆ ಸಮೀಪದ ಮುಳ್ಳೂರಿನ ಮರದ ಮನೆ ನೆನಪಾಗುತ್ತದೆ. ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕ ಸಿ.ಎಸ್. ಸತೀಶ್ ಅವರಿಗೆ ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಬಿದಿರು, ಹುಲ್ಲು, ಗೋಣಿಚೀಲ ಸೇರಿಸಿ ಮರದ ಮೇಲೊಂದು ಅಟ್ಟಣೆ ಕಟ್ಟಿದರು, ಅಲ್ಲಿ ಕುಳಿತು ಮಕ್ಕಳಿಗೆ ಆನ್‌ಲೈನ್ ಪಾಠ ಹೇಳಿದರು. ಪತ್ರಿಕೆಗಳು ಬರೆದವು, ಟಿ.ವಿ.ಯವರು ಬಂದರು, ನಾಡು ಮೆಚ್ಚಿತು. ಗಡಿಯಾಚೆ ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ ಸುರಿಯುವ ಮಳೆಯ ನಡುವೆ ರಸ್ತೆ ಬದಿ ಕುಳಿತು ಪಾಠ ಕೇಳುತ್ತಿದ್ದ ಹುಡುಗಿಗೆ ತಂದೆ ಕೊಡೆ ಹಿಡಿದು ನಿಂತ ಫೋಟೊ 2021ರ ಜೂನ್‌ನಲ್ಲಿ ದೇಶದೆಲ್ಲೆಡೆ ಓಡಾಡಿತು. ಮಲೆನಾಡಿನ ಊರೂರಲ್ಲಿ ಆಗ ಇದೇ ಕಥೆ. ಗುಡ್ಡದ ನೆತ್ತಿ, ನೀರಿನ ಟ್ಯಾಂಕಿನ ಮೇಲು, ತೋಟದ ಮೂಲೆಯ ಬಂಡೆ, ಹೀಗೆ ಎಲ್ಲಿ ಎರಡು ಕಡ್ಡಿ ಸಿಗ್ನಲ್ ಬರುತ್ತದೋ ಅಲ್ಲೇ ತರಗತಿ.

ಮರ ಹತ್ತಿದ ಶಿಕ್ಷಕರ ಶ್ರಮವೂ ಮಳೆಯಲ್ಲಿ ನಿಂತ ತಂದೆಯ ಪ್ರೀತಿಯೂ ದೊಡ್ಡವು. ಆದರೆ ಆ ಫೋಟೊಗಳಲ್ಲಿ ಇಲ್ಲದವರೂ ಇದ್ದರು. ಗಾಲಿಕುರ್ಚಿಯಲ್ಲಿ ಕುಳಿತವರು ಗುಡ್ಡ ಹತ್ತುವುದು ಹೇಗೆ? ಕಣ್ಣು ಕಾಣದ ವಿದ್ಯಾರ್ಥಿನಿ ಜುಲೈ ತಿಂಗಳ ಕೊಡಗಿನ ಜಾರುಮಣ್ಣಿನಲ್ಲಿ, ಜಿಗಣೆ ತುಂಬಿದ ಕಾಫಿ ತೋಟದ ದಾರಿಯಲ್ಲಿ ದಿನಕ್ಕೆ ಮೂರು ಬಾರಿ ಹೋಗಿ ಬರುವುದು ಯಾರ ಕೈ ಹಿಡಿದು? ಕಿವಿ ಕೇಳದ ಹುಡುಗ ಗುಡ್ಡ ಹತ್ತಬಲ್ಲ. ಹತ್ತಿದ ಮೇಲೆ ಫೋನಿನಿಂದ ಬರುವ ಪಾಠವನ್ನು ಅವನು ಕೇಳುವುದು ಹೇಗೆ?

ಈ ಪ್ರಶ್ನೆಗಳನ್ನು ಆಗ ಕಾಲೇಜುಗಳು ಗಟ್ಟಿಯಾಗಿ ಕೇಳಲಿಲ್ಲ, ಸರ್ಕಾರವೂ ಕೇಳಲಿಲ್ಲ.

ರಾಜ್ಯದಲ್ಲಿ ಚಿತ್ರಮಂದಿರ, ಮಾಲ್‌ಗಳ ಜತೆ ವಿಶ್ವವಿದ್ಯಾಲಯಗಳಿಗೂ ಬಾಗಿಲು ಹಾಕಿದ್ದು 2020ರ ಮಾರ್ಚ್ 14ರಂದು. ಮೊದಲು ಒಂದು ವಾರಕ್ಕೆಂದು ಹೇಳಲಾಗಿತ್ತು. ಮಾರ್ಚ್ 19ರಂದು ವಿದೇಶದಿಂದ ಮರಳಿದವರೊಬ್ಬರಲ್ಲಿ ಸೋಂಕು ಕಾಣಿಸಿ ಕೊಡಗಿನ ಮೊದಲ ಪ್ರಕರಣ ದಾಖಲಾಯಿತು. ಮಾರ್ಚ್ 25ರಿಂದ ದೇಶವೇ ಮನೆಯೊಳಗೆ ಸೇರಿತು. ಪದವಿ ಕಾಲೇಜುಗಳು ಮತ್ತೆ ತೆರೆದದ್ದು ಅದೇ ವರ್ಷದ ನವೆಂಬರ್ 17ರಂದು. ಎರಡನೇ ಅಲೆ ಬಂದು 2021ರ ಏಪ್ರಿಲ್ ಕೊನೆಯಲ್ಲಿ ಮತ್ತೆ ಮುಚ್ಚಿದವು, ಜುಲೈ 26ರ ಹೊತ್ತಿಗೆ ಮತ್ತೆ ತೆರೆದವು. ಲೆಕ್ಕ ಹಾಕಿದರೆ ಮೂರು ವರ್ಷದ ಪದವಿಯಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಫೋನಿನ ಪರದೆಯಲ್ಲೇ ಕಳೆಯಿತು.

ಅಷ್ಟರೊಳಗೆ ಎಷ್ಟು ಮಂದಿ ಅಂಗವಿಕಲ ವಿದ್ಯಾರ್ಥಿಗಳು ಓದು ಬಿಟ್ಟರು? ಕೊಡಗಿಗೆ ಪ್ರತ್ಯೇಕ ಲೆಕ್ಕವನ್ನು ಯಾರೂ ಮುಂದಿಡಲಿಲ್ಲ. ದೇಶದ ಲೆಕ್ಕ ಮಾತ್ರ ಇದೆ. ಕೇಂದ್ರ ಶಿಕ್ಷಣ ಸಚಿವಾಲಯದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2019-20ರಲ್ಲಿ ದೇಶದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ 92,831 ಅಂಗವಿಕಲ ವಿದ್ಯಾರ್ಥಿಗಳಿದ್ದರು. ಮರುವರ್ಷ, ಅಂದರೆ ಕೊರೊನಾ ವರ್ಷದಲ್ಲಿ, ಆ ಸಂಖ್ಯೆ 79,035ಕ್ಕೆ ಇಳಿಯಿತು. ಸುಮಾರು 13,800 ಮಂದಿ ಕಡಿಮೆ. ಸಮೀಕ್ಷೆ ಆ ವರ್ಷ ಹೊಸ ಆನ್‌ಲೈನ್ ಪದ್ಧತಿಗೆ ಬದಲಾದ್ದರಿಂದ ಎಣಿಕೆಯಲ್ಲಿ ಒಂದಿಷ್ಟು ಏರುಪೇರು ಆಗಿರಬಹುದು. ಆದರೆ ಅದೇ ಪದ್ಧತಿಯಲ್ಲಿ, ಅದೇ ವರ್ಷ, ದೇಶದ ಒಟ್ಟು ವಿದ್ಯಾರ್ಥಿಗಳ ಸಂಖ್ಯೆ 3.85 ಕೋಟಿಯಿಂದ 4.14 ಕೋಟಿಗೆ ಏರಿದೆ. ಒಟ್ಟು ಸಂಖ್ಯೆ ಹೆಚ್ಚಾದ ವರ್ಷದಲ್ಲಿ ಇವರು ಕಡಿಮೆಯಾದರು.

ಇನ್ನೊಂದು ಲೆಕ್ಕವನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. 2011ರ ಜನಗಣತಿಯ ಪ್ರಕಾರ ದೇಶದ ಜನರಲ್ಲಿ ನೂರಕ್ಕೆ 2.21 ಮಂದಿ ಅಂಗವಿಕಲರು. ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 32ನೇ ಕಲಮು ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5 ಸೀಟು ಇವರಿಗೆ ಮೀಸಲಿಡಬೇಕೆನ್ನುತ್ತದೆ. ನಿಜವಾಗಿ ತರಗತಿಯಲ್ಲಿ ಇದ್ದದ್ದು ಸಾವಿರಕ್ಕೆ ಇಬ್ಬರು. ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ ಹೆಚ್ಚಿನವರು ಸೋಸಿಹೋಗಿರುತ್ತಾರೆ. ಅಷ್ಟೆಲ್ಲ ದಾಟಿ ಬಂದ ಆ ಇಬ್ಬರ ಕೈಯಿಂದಲೂ ಓದು ಜಾರಿತು ಎಂಬುದೇ ಕೊರೊನಾ ಕಾಲದ ದುಃಖದ ಸಂಗತಿ.

ಕೊಡಗಿನಲ್ಲಿ ಓದು ಎಂದರೆ ಮೊದಲಿನಿಂದಲೂ ಪ್ರಯಾಣ. ಜಿಲ್ಲೆಗೆ ರೈಲಿಲ್ಲ. ಮನೆಗಳು ತೋಟದ ನಡುವೆ ಒಂದಕ್ಕೊಂದು ದೂರ ದೂರ. ಬಸ್ಸು ನಿಲ್ಲುವ ಜಾಗಕ್ಕೇ ಎಷ್ಟೋ ಮಕ್ಕಳು ಮೈಲುಗಟ್ಟಲೆ ನಡೆಯಬೇಕು. ಮಡಿಕೇರಿಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜು, ವಿರಾಜಪೇಟೆ ಮತ್ತು ಗೋಣಿಕೊಪ್ಪದ ಕಾವೇರಿ ಕಾಲೇಜುಗಳು, ಚಿಕ್ಕ ಅಳುವಾರದ ಸ್ನಾತಕೋತ್ತರ ಕೇಂದ್ರ ಜ್ಞಾನಕಾವೇರಿ, ಇವೆಲ್ಲ ಆಗ ಮಂಗಳೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ಅಂಕಪಟ್ಟಿಯ ತಪ್ಪು ತಿದ್ದಿಸಲು, ಪರೀಕ್ಷೆಯ ವಿನಾಯಿತಿ ಕೇಳಲು ಘಾಟಿ ಇಳಿದು ಮಂಗಳೂರು ಬಳಿಯ ಕೊಣಾಜೆಯಲ್ಲಿರುವ ವಿಶ್ವವಿದ್ಯಾಲಯಕ್ಕೇ ಹೋಗಬೇಕಿತ್ತು. ಕೆ.ಎಸ್.ಆರ್.ಟಿ.ಸಿ. ಅಂಗವಿಕಲರಿಗೆ ಕೊಡುವ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿ.ಮೀ. ಒಳಗೆ ಮಾತ್ರ ನಡೆಯುತ್ತದೆ. ಮಡಿಕೇರಿಯಿಂದ ಮಂಗಳೂರೂ ಮೈಸೂರೂ ಎರಡೂ ಅದಕ್ಕಿಂತ ದೂರ. ಹೀಗೆ ಪಾಸು ಇದ್ದರೂ ಅದು ವಿಶ್ವವಿದ್ಯಾಲಯದ ಬಾಗಿಲವರೆಗೆ ತಲುಪುತ್ತಿರಲಿಲ್ಲ. ಜಿಲ್ಲೆಯೊಳಗೆ ಬಹುಪಾಲು ಓಡುವುದು ಖಾಸಗಿ ಬಸ್ಸು. ಎತ್ತರದ ಮೆಟ್ಟಿಲು, ಅರ್ಧ ನಿಮಿಷದ ನಿಲುಗಡೆ.

ಬೌದ್ಧಿಕ ತೊಂದರೆಯುಳ್ಳ ಮಕ್ಕಳಿಗೆ ಸುಂಟಿಕೊಪ್ಪದ ಸ್ವಸ್ಥದಂಥ ಸಂಸ್ಥೆ ಕೊಡಗಿನಲ್ಲೇ ಇದೆ. ಕಣ್ಣು ಕಾಣದ, ಕಿವಿ ಕೇಳದ ಮಕ್ಕಳು ಮಾತ್ರ ಸಾಮಾನ್ಯವಾಗಿ ಸಣ್ಣ ವಯಸ್ಸಿನಲ್ಲೇ ಮೈಸೂರಿನ ಕಡೆ ನೋಡಬೇಕಾಗುತ್ತದೆ. 1901ರಲ್ಲಿ ಆರಂಭವಾದ ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಅಲ್ಲಿದೆ, ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಂಗವಿಕಲರಿಗೆಂದೇ ಜೆ.ಎಸ್.ಎಸ್. ಪಾಲಿಟೆಕ್ನಿಕ್ ಇದೆ. ಹಾಸ್ಟೆಲ್‌ನಲ್ಲಿ ಇದ್ದುಕೊಂಡು ಓದುವ ಅಂಧ ವಿದ್ಯಾರ್ಥಿಗೆ ಹಾಸ್ಟೆಲ್ ಎಂದರೆ ಬರೀ ಊಟ, ಹಾಸಿಗೆ ಅಲ್ಲ. ಸಂಜೆ ಹೊತ್ತು ಪುಸ್ತಕ ಓದಿ ಹೇಳುವ ಗೆಳೆಯ, ಪರೀಕ್ಷೆಗೆ ಬರೆದುಕೊಡುವ ಕಿರಿಯ ವಿದ್ಯಾರ್ಥಿ, ಮಾತನಾಡುವ ಕಂಪ್ಯೂಟರ್ ಇರುವ ಗ್ರಂಥಾಲಯ, ಎಲ್ಲವೂ ಅಲ್ಲೇ. 2020ರ ಮಾರ್ಚ್‌ನಲ್ಲಿ ಹಾಸ್ಟೆಲ್ ಖಾಲಿ ಮಾಡಿಸಿದಾಗ ಈ ಇಡೀ ಆಸರೆ ಒಂದೇ ದಿನದಲ್ಲಿ ಕಳಚಿತು. ಬಟ್ಟೆಯ ಚೀಲದೊಂದಿಗೆ ಊರಿಗೆ ಮರಳಿದವರು ಬ್ರೈಲ್ ಪುಸ್ತಕಗಳನ್ನು ಅಲ್ಲೇ ಬಿಟ್ಟು ಬಂದರು. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್, ಅದಕ್ಕೆ ತಮ್ಮ ತಂಗಿಯರೂ ಪಾಲುದಾರರು. ತೋಟ ಕಾರ್ಮಿಕರ ಲೈನ್ ಮನೆಯಾದರೆ ಒಂದೇ ಕೋಣೆ. ಕಿವಿಯಿಂದಲೇ ಓದಬೇಕಾದವರಿಗೆ ಅಲ್ಲಿ ನಿಶ್ಶಬ್ದ ಎಲ್ಲಿಂದ ಬರಬೇಕು? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ದೇಶದ ಗ್ರಾಮೀಣ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ನೂರಕ್ಕೆ 4.4 ಮನೆಯಲ್ಲಿ, ಇಂಟರ್‌ನೆಟ್ ಸೌಲಭ್ಯ 14.9 ಮನೆಯಲ್ಲಿ. ಎರಡೇ ವರ್ಷದ ನಂತರ ಇಂಥ ದೇಶದಲ್ಲಿ ಕಾಲೇಜು ಫೋನಿನೊಳಗೆ ಬಂತು.

ಬಂದದ್ದಾದರೂ ಯಾವ ರೂಪದಲ್ಲಿ? ಈ ಮಾತು ಸ್ವಲ್ಪ ವಿವರವಾಗಿ ಹೇಳುವಂಥದು. ಏಕೆಂದರೆ ಇಲ್ಲಿನ ಅಡ್ಡಿಗಳಿಗೂ ವೈರಾಣುವಿಗೂ ಸಂಬಂಧವಿಲ್ಲ, ಅವು ಮನುಷ್ಯರ ಅಭ್ಯಾಸದಿಂದ ಹುಟ್ಟಿದವು.

ಕಣ್ಣು ಕಾಣದವರು ಫೋನ್ ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ಸಹಾಯದಿಂದ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಎನ್‌ವಿಡಿಎ. ಇಬ್ಬರು ಅಂಧ ಆಸ್ಟ್ರೇಲಿಯನ್ನರು ಕಟ್ಟಿದ ಈ ಎನ್‌ವಿಡಿಎ ಉಚಿತ, ಕನ್ನಡವನ್ನೂ ಓದುತ್ತದೆ. ಪರದೆಯ ಮೇಲಿನ ಅಕ್ಷರಗಳನ್ನು ಇವು ಗಟ್ಟಿಯಾಗಿ ಓದಿ ಹೇಳುತ್ತವೆ. ಆದರೆ ಅದು ಅಕ್ಷರವಾಗಿರಬೇಕು, ಅಕ್ಷರದ ಚಿತ್ರವಾಗಿರಬಾರದು. ಕೊರೊನಾ ಕಾಲದಲ್ಲಿ ನಮ್ಮ ಕಾಲೇಜುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದು ಬಂದದ್ದು ಬಹುಪಾಲು ಚಿತ್ರಗಳೇ. ಕೈಬರಹದ ನೋಟ್ಸಿನ ಫೋಟೊ, ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿದ ಪಿಡಿಎಫ್, ಕರಿಹಲಗೆಯ ಚಿತ್ರ. ಅಂಧ ವಿದ್ಯಾರ್ಥಿಯ ಫೋನು ಅದನ್ನು ತೆರೆದು ‘ಇಮೇಜ್’ ಎಂದು ಹೇಳಿ ಸುಮ್ಮನಾಗುತ್ತದೆ. ತರಗತಿಯಲ್ಲಿ ಅಧ್ಯಾಪಕರು ಪರದೆ ಹಂಚಿಕೊಂಡು ಸ್ಲೈಡ್ ತೋರಿಸಿದರೆ ಅದೂ ಚಿತ್ರವೇ. ‘ಇಲ್ಲಿ ನೋಡಿ, ಈ ರೇಖೆ ಹೀಗೆ ಹೋಗುತ್ತದೆ’ ಎಂಬ ಮಾತಿನಿಂದ ಕಾಣದವರಿಗೆ ಸಿಗುವುದೇನೂ ಇಲ್ಲ.

ಕನ್ನಡ ಮಾಧ್ಯಮದವರಿಗೆ ಮತ್ತೊಂದು ಪೆಟ್ಟು ಕಾದಿತ್ತು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪು ಮಾಡಿದ ಕಡತಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಸ್ಕ್ರೀನ್ ರೀಡರ್ ಅದನ್ನು ಓದಿದಾಗ ಕೇಳುವುದು ಅರ್ಥವಿಲ್ಲದ ಸದ್ದು. ಯೂನಿಕೋಡ್‌ನಲ್ಲಿ ಟೈಪು ಮಾಡಿದ್ದರೆ ಅದೇ ಪಾಠ ಸಲೀಸಾಗಿ ಕೇಳುತ್ತಿತ್ತು. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ವರ್ಷಗಳಿಂದ ಇಟ್ಟುಕೊಂಡ ಹಳೆಯ ಟಿಪ್ಪಣಿಗಳನ್ನೇ ಹಂಚುವ ಅಭ್ಯಾಸ ಮಾತ್ರ ಬಿಡಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಮುದ್ರಿತ ಕನ್ನಡ ಪುಟವನ್ನು ಅಕ್ಷರವಾಗಿಸುವ ಲಿಪಿ ಜ್ಞಾನಿ ಎಂಬ ತಂತ್ರಾಂಶವನ್ನು ರೂಪಿಸಿದೆ. ಮಿತ್ರಜ್ಯೋತಿಯಂಥ ಸಂಸ್ಥೆಗಳು ಕನ್ನಡ ಧ್ವನಿಪುಸ್ತಕ, ಬ್ರೈಲ್ ಪುಸ್ತಕಗಳನ್ನು ಮಾಡುತ್ತ ಬಂದಿವೆ. 2016ರಲ್ಲಿ ಕೇಂದ್ರ ಸರ್ಕಾರ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವನ್ನೇ ತೆರೆಯಿತು. ಅಂಧರಿಗಾಗಿ ಪುಸ್ತಕದ ರೂಪ ಬದಲಿಸಲು ಕೃತಿಸ್ವಾಮ್ಯ ಅಡ್ಡಬರಬಾರದೆಂಬ ಮರ್ರಕೇಶ್ ಒಪ್ಪಂದಕ್ಕೆ 2014ರಲ್ಲಿ ಜಗತ್ತಿನಲ್ಲೇ ಮೊದಲು ಸ್ಥಿರೀಕರಣ ಕೊಟ್ಟ ದೇಶ ಭಾರತ. ಸಾಧನವಿತ್ತು, ಕಾನೂನಿತ್ತು. ಅಧ್ಯಾಪಕರಿಗೆ ಅದನ್ನು ತಿಳಿಸುವವರು ಇರಲಿಲ್ಲ.

ಇನ್ನೊಂದು ತೊಂದರೆ ಹೊರಗಿನವರಿಗೆ ಊಹೆಗೂ ಸಿಗದು. ಜೂಮ್ ತರಗತಿಯಲ್ಲಿ ಯಾರಾದರೂ ಒಳಬಂದಾಗ, ಚಾಟ್‌ನಲ್ಲಿ ‘ಗುಡ್ ಮಾರ್ನಿಂಗ್ ಸರ್’ ಎಂದು ಬರೆದಾಗ ಸ್ಕ್ರೀನ್ ರೀಡರ್ ಅದನ್ನೆಲ್ಲ ಓದುತ್ತದೆ. ಅರವತ್ತು ಮಂದಿಯ ತರಗತಿ ಎಂದರೆ ಅರವತ್ತು ಘೋಷಣೆ. ಪಾಠದ ದನಿ, ಯಂತ್ರದ ದನಿ, ತಗಡಿನ ಮಾಡಿನ ಮೇಲೆ ಬಡಿಯುವ ಮಳೆಯ ದನಿ, ಮೂರರ ನಡುವೆ ಅರ್ಥಶಾಸ್ತ್ರವನ್ನು ಹೆಕ್ಕಿ ತೆಗೆಯಬೇಕು.

ಕಿವಿ ಕೇಳದವರ ಪಾಡು ಬೇರೆ. ಸನ್ನೆ ಭಾಷೆಗೂ ತುಟಿ ಓದುವುದಕ್ಕೂ ಮುಖ, ಕೈ ಎರಡೂ ಸ್ಪಷ್ಟವಾಗಿ ಕಾಣಬೇಕು. ಕೊಡಗಿನಲ್ಲಿ ನೆಟ್‌ವರ್ಕ್ ಸಾಲದೆ ತರಗತಿ ಆರಂಭವಾಗುತ್ತಿದ್ದಂತೆ ಬರುತ್ತಿದ್ದ ಮೊದಲ ಸೂಚನೆ ‘ಎಲ್ಲರೂ ವಿಡಿಯೊ ಆಫ್ ಮಾಡಿ’. ಉಳಿದವರಿಗೆ ಡೇಟಾ ಉಳಿತಾಯವಾದ ಆ ಕ್ಷಣದಲ್ಲೇ ಕಿವುಡ ವಿದ್ಯಾರ್ಥಿಗೆ ತರಗತಿ ಮುಗಿಯಿತು. ಮಾತನ್ನು ತಾನಾಗಿ ಅಕ್ಷರವಾಗಿಸುವ ಸೌಲಭ್ಯ ಗೂಗಲ್ ಮೀಟ್‌ನಲ್ಲಿ ಇತ್ತು, ಆದರೆ ಆಗ ಇಂಗ್ಲಿಷಿಗೆ, ಕನ್ನಡಕ್ಕಲ್ಲ. ಜೂಮ್ ತನ್ನ ಉಚಿತ ಖಾತೆಗಳಿಗೆಲ್ಲ ಇದನ್ನು ತೆರೆದದ್ದು 2021ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಕಾಲೇಜುಗಳೇ ತೆರೆದಿದ್ದವು. ಕನ್ನಡ ಮಾತನ್ನು ಬರಹವಾಗಿಸುವ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಎಂಬ ಉಚಿತ ಆ್ಯಪ್ 2019ರಿಂದಲೇ ಇದೆ. ತರಗತಿ ಒಂದು ಫೋನಿನಲ್ಲಿ ನಡೆಯುವಾಗ ಇನ್ನೊಂದು ಫೋನನ್ನು ಪಕ್ಕದಲ್ಲಿಟ್ಟು ಅದನ್ನು ಬಳಸಬಹುದಿತ್ತು. ಒಂದೇ ಫೋನು ಮೂವರಿಗೆ ಹಂಚಿಕೆಯಾದ ಮನೆಯಲ್ಲಿ ಎರಡನೆಯದು ಎಲ್ಲಿಂದ?

ಕಾಲೇಜು ತೆರೆದ ಮೇಲೆ ಮಾಸ್ಕ್ ಬಂತು. ತುಟಿ ಮುಚ್ಚಿತು. ಹಿಯರಿಂಗ್ ಏಡ್, ಕನ್ನಡಕ, ಮಾಸ್ಕಿನ ದಾರ ಎಲ್ಲವೂ ಒಂದೇ ಕಿವಿಗೆ ಸಿಕ್ಕಿಕೊಂಡವು. ಅಂತರ ಕಾಯ್ದುಕೊಳ್ಳಿ ಎಂಬ ನಿಯಮ ಎಲ್ಲರಿಗೂ ಒಂದೇ ಎಂದು ಕಂಡರೂ, ಎತ್ತಿ ಕೂರಿಸಲು ಇನ್ನೊಬ್ಬರ ತೋಳು ಬೇಕಾದವರಿಗೆ, ಬೆರಳ ತುದಿಯಿಂದ ಬಾಗಿಲು, ಗೋಡೆ, ಕಂಬಿಗಳನ್ನು ಗುರುತಿಸುವವರಿಗೆ ಅದನ್ನು ಪಾಲಿಸುವುದು ಸಾಧ್ಯವೇ ಇರಲಿಲ್ಲ. ಕುಡಗೋಲು ಕಣ ರೋಗ, ಥಲಸೇಮಿಯಾ, ಹಿಮೋಫಿಲಿಯಾಗಳೂ 2016ರ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿವೆ. ಇವರಲ್ಲಿ ಕೆಲವರಿಗೆ ಸೋಂಕು ತಗಲಿದರೆ ಅಪಾಯ ಉಳಿದವರಿಗಿಂತ ಹೆಚ್ಚು. ರಕ್ತದಾನ ಶಿಬಿರಗಳು ನಿಂತ ತಿಂಗಳುಗಳಲ್ಲಿ ರಕ್ತ ಸಿಗುವುದೂ ಕಷ್ಟ.

ಇದೆಲ್ಲದರ ಮೇಲೆ ಮಳೆ. ಆನ್‌ಲೈನ್ ತರಗತಿ ಬಿರುಸಿನಿಂದ ನಡೆದ ಎರಡೂ ವರ್ಷ ಕೊಡಗಿನ ಮಳೆಗಾಲವೂ ಅದರ ಜತೆಗೇ ಬಂತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದವು, 2019ರಲ್ಲಿ ತೋರ ಗ್ರಾಮದಲ್ಲಿ. ಸತತ ಮೂರನೇ ವರ್ಷ, 2020ರ ಆಗಸ್ಟ್ ಮೊದಲ ವಾರ ತಲಕಾವೇರಿಯ ಗಜಗಿರಿ ಬೆಟ್ಟ ಜರಿದು ಪ್ರಧಾನ ಅರ್ಚಕ ನಾರಾಯಣಾಚಾರ್ ಅವರ ಮನೆಯನ್ನೇ ನುಂಗಿತು. ಭಾಗಮಂಡಲದ ರಸ್ತೆ ನೀರಿನಲ್ಲಿ ಮುಳುಗಿತು. ಮರ ಬಿದ್ದು ಕಂಬ ಮುರಿದರೆ ಒಳ ಊರುಗಳಿಗೆ ಕರೆಂಟ್ ಬರಲು ದಿನಗಳೇ ಬೇಕು. ಕರೆಂಟ್ ಹೋದರೆ ಟವರ್ ಸಾಯುತ್ತದೆ, ಟವರ್ ಸತ್ತರೆ ತರಗತಿ ಇಲ್ಲ, ಫೋನ್ ಚಾರ್ಜ್ ಇಲ್ಲ. ಬ್ಯಾಟರಿಯ ಗಾಲಿಕುರ್ಚಿಯೂ ನಿಲ್ಲುತ್ತದೆ. ವಿಪತ್ತಿನ ಕಾಲದಲ್ಲಿ ಅಂಗವಿಕಲರಿಗೆ ಸಮಾನ ರಕ್ಷಣೆ ಕೊಡಬೇಕೆಂದು 2016ರ ಅದೇ ಕಾಯ್ದೆಯ 8ನೇ ಕಲಮು ಹೇಳುತ್ತದೆ. ಕೊಡಗಿನಲ್ಲಿ ಎರಡು ವಿಪತ್ತು ಒಟ್ಟಿಗೇ ಬಂದಿದ್ದವು.

ನಂತರ ಪರೀಕ್ಷೆ. ಅಂತಿಮ ವರ್ಷದ ಪರೀಕ್ಷೆಗಳನ್ನು ಸೆಪ್ಟೆಂಬರ್ ಕೊನೆಯೊಳಗೆ ಮುಗಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2020ರ ಜುಲೈ 6ರಂದು ಹೇಳಿತು. ಆಗಸ್ಟ್ 28ರಂದು ಸುಪ್ರೀಂ ಕೋರ್ಟ್, ಪರೀಕ್ಷೆ ಬರೆಯದೆ ಪದವಿ ಕೊಡುವಂತಿಲ್ಲ ಎಂದಿತು. ಸ್ವತಃ ಬರೆಯಲಾಗದವರಿಗೆ ಬರೆದುಕೊಡುವ ಸಹಾಯಕ ಬೇಕು. ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯವೂ ಅವರ ಹಕ್ಕು. 2018ರ ಕೇಂದ್ರ ಮಾರ್ಗಸೂಚಿ ಇದನ್ನೆಲ್ಲ ಆಗಲೇ ಬರೆದಿಟ್ಟಿತ್ತು. ಸಮಯ ಕೊಡಬಹುದು, ಸಹಾಯಕರನ್ನು ತರುವುದು ಎಲ್ಲಿಂದ? ಸಾಮಾನ್ಯವಾಗಿ ಕೆಳಗಿನ ತರಗತಿಯ ವಿದ್ಯಾರ್ಥಿಗಳೇ ಈ ಕೆಲಸ ಮಾಡುತ್ತಾರೆ. ಅವರ ಕಾಲೇಜು ಮುಚ್ಚಿತ್ತು, ಬಸ್ಸು ಇರಲಿಲ್ಲ. ಮೂರು ಗಂಟೆ ಒಬ್ಬರ ಪಕ್ಕದಲ್ಲೇ ಕುಳಿತು, ಅವರು ಹೇಳಿದ್ದನ್ನು ಕೇಳಿ ಬರೆಯಲು ತಮ್ಮ ಮಕ್ಕಳನ್ನು ಕಳಿಸುವ ಧೈರ್ಯ ಆ ವಿದ್ಯಾರ್ಥಿಗಳ ತಂದೆ ತಾಯಿಗೂ ಇರಲಿಲ್ಲ. ದೆಹಲಿ ವಿಶ್ವವಿದ್ಯಾಲಯ ಮನೆಯಿಂದಲೇ ಪುಸ್ತಕ ನೋಡಿ ಬರೆಯುವ ಆನ್‌ಲೈನ್ ಪರೀಕ್ಷೆ ಮಾಡಹೊರಟಾಗ ನ್ಯಾಷನಲ್ ಫೆಡರೇಶನ್ ಆಫ್ ದಿ ಬ್ಲೈಂಡ್ ಸಂಘಟನೆ ಹೈಕೋರ್ಟಿಗೆ ಹೋಯಿತು. ಓದಲಿಕ್ಕೇ ಪುಸ್ತಕ ಸಿಗದವರು, ಬರೆಯಲಿಕ್ಕೆ ಸಹಾಯಕರಿಲ್ಲದವರು ಅದನ್ನು ಬರೆಯುವುದು ಹೇಗೆ ಎಂಬುದೇ ಅವರ ಪ್ರಶ್ನೆ. ರಾಜಧಾನಿಯಲ್ಲಿ ಸಂಘಟನೆಯಿತ್ತು, ವಕೀಲರಿದ್ದರು, ಪ್ರಶ್ನೆ ನ್ಯಾಯಾಲಯ ಮುಟ್ಟಿತು. ಸೋಮವಾರಪೇಟೆಯ ಹುಡುಗನ ಅಥವಾ ಕುಟ್ಟದ ಹುಡುಗಿಯ ಇದೇ ಪ್ರಶ್ನೆ ಪ್ರಾಂಶುಪಾಲರ ಕೊಠಡಿಯನ್ನಾದರೂ ಮುಟ್ಟುವ ದಾರಿ ಇರಲಿಲ್ಲ.

ಒಂದು ಒಳ್ಳೆಯ ಸುದ್ದಿ ಆ ದಿನಗಳಲ್ಲೇ ಬಂತು. 2021ರ ಫೆಬ್ರುವರಿ 11ರಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶೇಕಡಾ 40 ಅಂಗವೈಕಲ್ಯದ ಪ್ರಮಾಣಪತ್ರ ಇಲ್ಲದಿದ್ದರೂ ಕೈಯಿಂದ ಬರೆಯಲು ನಿಜವಾದ ಕಷ್ಟವಿರುವವರಿಗೆ ಸಹಾಯಕರನ್ನು ಕೊಡಬೇಕೆಂದಿತು. ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡುವುದು ದಯೆಯ ಮಾತಲ್ಲ, ಹಕ್ಕಿನ ಮಾತು ಎಂಬುದು ಆ ತೀರ್ಪಿನ ಜೀವಾಳ.

2021ರ ಬೇಸಿಗೆಯಲ್ಲಿ ಲಸಿಕೆಯ ಸರದಿ. ಕೋವಿನ್ ಜಾಲತಾಣದಲ್ಲಿ ಲಸಿಕೆಯ ಸಮಯ ಕಾಯ್ದಿರಿಸಲು ಪರದೆಯ ಮೇಲಿನ ಸೊಟ್ಟ ಅಕ್ಷರಗಳನ್ನು ಗುರುತಿಸಿ ಟೈಪು ಮಾಡಬೇಕಿತ್ತು. ಕಾಣದವರು ಅಲ್ಲೇ ನಿಂತರು. ಆ ಜಾಲತಾಣ ಅಂಗವಿಕಲರಿಗೆ ಬಳಸಲು ಬರುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟೇ ಎತ್ತಿ ಹೇಳಬೇಕಾಯಿತು. ಓಡಾಡಲಾಗದವರ ಮನೆಗೇ ಹೋಗಿ ಲಸಿಕೆ ಹಾಕುವ ನಿರ್ಧಾರವನ್ನು ಕೇಂದ್ರ ಪ್ರಕಟಿಸಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಆದರೆ ಕರ್ನಾಟಕದ ಕಾಲೇಜುಗಳು ಜುಲೈನಲ್ಲೇ ತೆರೆದಿದ್ದವು, ಒಳಗೆ ಬರಲು ಕನಿಷ್ಠ ಒಂದು ಡೋಸ್ ಆಗಿರಬೇಕೆಂದೂ ಹೇಳಿದ್ದವು. ಸೊಟ್ಟ ಅಕ್ಷರ ಓದಲಾಗದ ಕಾರಣಕ್ಕೆ ಲಸಿಕೆ ತಡ, ಲಸಿಕೆ ತಡವಾದ ಕಾರಣಕ್ಕೆ ತರಗತಿ ತಡ.

ಸರ್ಕಾರ ಏನೂ ಮಾಡಲಿಲ್ಲ ಎನ್ನುವುದು ಅನ್ಯಾಯ. 2020ರ ಮಾರ್ಚ್ 26ರಂದೇ ಕೇಂದ್ರದ ಅಂಗವಿಕಲರ ಸಬಲೀಕರಣ ಇಲಾಖೆ ವಿವರವಾದ ಮಾರ್ಗಸೂಚಿ ಹೊರಡಿಸಿತು. ಬಡ, ತೀವ್ರ ಅಂಗವಿಕಲ ಪಿಂಚಣಿದಾರರಿಗೆ ಎರಡು ಕಂತಿನಲ್ಲಿ ಒಟ್ಟು 1,000 ರೂಪಾಯಿ ಬಂತು. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಕಾಲೇಜುಗಳ 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಹೊರಟಿತು. ಅಂಧ ವಿದ್ಯಾರ್ಥಿಗಳಿಗೆ ಮಾತನಾಡುವ ಲ್ಯಾಪ್‌ಟಾಪ್ ಕೊಡುವ ಯೋಜನೆ ಅದಕ್ಕೂ ಮೊದಲಿನದು. ಕೊರತೆಯಿದ್ದದ್ದು ಇವನ್ನೆಲ್ಲ ಒಬ್ಬ ವಿದ್ಯಾರ್ಥಿಯ ಬಳಿ ಒಟ್ಟಿಗೆ ತರುವ ಕೈಗಳಲ್ಲಿ. ಆ ಕೈಗಳೂ ಇದ್ದವು ಎಂಬುದು ಇನ್ನಷ್ಟು ನೋವಿನ ಸಂಗತಿ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂ ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಇವರಲ್ಲಿ ಅನೇಕರು ತಾವೂ ಅಂಗವಿಕಲರು. ಅಲ್ಪ ಗೌರವಧನಕ್ಕೆ ದುಡಿಯುವ ಇವರಿಗೆ ತಮ್ಮ ಪಂಚಾಯಿತಿಯ ಯಾವ ಮನೆಯಲ್ಲಿ ಯಾರಿದ್ದಾರೆ, ಏನು ಬೇಕು ಎಂಬುದು ಬಾಯಿಪಾಠ. ಕಾಲೇಜಿಗೂ ಇವರಿಗೂ ಮಾತುಕತೆಯೇ ಇಲ್ಲ. ಕಾಲೇಜು ಉನ್ನತ ಶಿಕ್ಷಣ ಇಲಾಖೆಯದು, ವಿಆರ್‌ಡಬ್ಲ್ಯೂ ಇನ್ನೊಂದು ಇಲಾಖೆಯವರು.

ಹೊರದೇಶದ ಒಂದು ಉದಾಹರಣೆ ಇಲ್ಲಿ ಹೇಳುವಂಥದು. ಅಮೆರಿಕದ ಹಾರ್ವರ್ಡ್, ಎಂಐಟಿ ವಿಶ್ವವಿದ್ಯಾಲಯಗಳು ತಮ್ಮ ಆನ್‌ಲೈನ್ ಪಾಠಗಳಿಗೆ ಅಡಿಬರಹ ಹಾಕುತ್ತಿಲ್ಲವೆಂದು ಅಲ್ಲಿನ ಕಿವುಡರ ಸಂಘ 2015ರಲ್ಲಿ ಮೊಕದ್ದಮೆ ಹೂಡಿತು. 2019ರ ಕೊನೆಗೆ ಹಾರ್ವರ್ಡ್, 2020ರ ಫೆಬ್ರುವರಿಯಲ್ಲಿ ಎಂಐಟಿ ರಾಜಿಗೆ ಬಂದು ಅಡಿಬರಹ ಹಾಕಲು ಒಪ್ಪಿದವು. ತಿಂಗಳೊಳಗೆ ಜಗತ್ತೇ ಆನ್‌ಲೈನ್ ಆಯಿತು. ಹಣ, ತಂತ್ರಜ್ಞಾನ ಎರಡೂ ತುಂಬಿ ತುಳುಕುವ ಸಂಸ್ಥೆಗಳೂ ಕೇಳದೆ ಕೊಡಲಿಲ್ಲ.

ಕೊರೊನಾ ಕಲಿಸಿದ ಒಂದು ಸತ್ಯವನ್ನು ಅಂಗವಿಕಲ ವಿದ್ಯಾರ್ಥಿಗಳು ಎಂದಿಗೂ ಮರೆಯಲಾರರು. ಮಳೆಗಾಲದಲ್ಲಿ ಕೆಲವು ದಿನ ಮನೆಯಿಂದಲೇ ಪಾಠ ಕೇಳಲು ಬಿಡಿ, ಪಾಠವನ್ನು ಧ್ವನಿಮುದ್ರಿಸಿ ಕೊಡಿ, ನೋಟ್ಸನ್ನು ಮೊದಲೇ ಕಳಿಸಿ, ಹಾಜರಾತಿಯಲ್ಲಿ ಸ್ವಲ್ಪ ಸಡಿಲಿಕೆ ಕೊಡಿ ಎಂದು ಇವರು ಕೇಳುತ್ತ ಬಂದಾಗೆಲ್ಲ ನಿಯಮದಲ್ಲಿ ಅವಕಾಶವಿಲ್ಲ ಎಂಬ ಉತ್ತರ ಬರುತ್ತಿತ್ತು. ಎಲ್ಲರಿಗೂ ಬೇಕಾದಾಗ ಅದೇ ಅನುಕೂಲ ಒಂದೇ ವಾರದಲ್ಲಿ ಸಿಕ್ಕಿತು, ನಿಯಮ ಅಡ್ಡ ಬರಲಿಲ್ಲ. ಸೋಂಕು ಇಳಿದ ಮೇಲೆ ಅದು ಹಾಗೆಯೇ ಹಿಂದಕ್ಕೆ ಹೋಯಿತು. ಮನೆಯಿಂದ ಕೇಳುವ ಆಯ್ಕೆ ಮುಚ್ಚಿತು, ಶೇಕಡಾ 75 ಹಾಜರಾತಿ ಮರಳಿತು. ಆನ್‌ಲೈನ್ ತರಗತಿ ಕೆಲವರಿಗೆ ಶಿಕ್ಷೆಯಾಗಿದ್ದರೆ, ಬಸ್ಸು ಹತ್ತಲಾಗದ ಇನ್ನು ಕೆಲವರಿಗೆ ಜೀವನದಲ್ಲಿ ಮೊದಲ ಬಾರಿ ಪೂರ್ತಿ ಹಾಜರಾತಿ ಕೊಟ್ಟ ವ್ಯವಸ್ಥೆಯೂ ಆಗಿತ್ತು. ಯಾರಿಗೆ ಯಾವುದು ಎಂದು ಅವರನ್ನೇ ಕೇಳಿ ತೀರ್ಮಾನಿಸಬೇಕಿತ್ತು. ಮುಚ್ಚುವಾಗಲೂ ಕೇಳಲಿಲ್ಲ, ತೆರೆಯುವಾಗಲೂ ಕೇಳಲಿಲ್ಲ.

ಆಮೇಲೆ ಕಾನೂನು ಮುಂದೆ ನಡೆದಿದೆ. 2022ರಲ್ಲಿ ಯುಜಿಸಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಸುಗಮ್ಯತೆಯ ಮಾರ್ಗಸೂಚಿ ಹೊರಡಿಸಿತು. ಡಿಜಿಟಲ್ ಸೌಲಭ್ಯ ಎಲ್ಲರಿಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿನ ಭಾಗ ಎಂದು 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಹೇಳಿತು.

ಕೊಡಗಿನಲ್ಲೂ ಬದಲಾವಣೆಯಾಗಿದೆ. 2023ರ ಮಾರ್ಚ್‌ನಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಹುಟ್ಟಿತು. ಎರಡೇ ವರ್ಷದಲ್ಲಿ, 2025ರ ಫೆಬ್ರುವರಿಯಲ್ಲಿ, ಹಣದ ಕೊರತೆಯಿಂದ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಅಥವಾ ಹಳೆಯವುಗಳಲ್ಲಿ ಸೇರಿಸುವ ಮಾತು ಸಚಿವ ಸಂಪುಟದ ಉಪಸಮಿತಿಯಲ್ಲಿ ಬಂದಾಗ ಕೊಡಗಿನ ಹೆಸರೂ ಆ ಪಟ್ಟಿಯಲ್ಲಿತ್ತು. ಹಣಕಾಸು, ಕಟ್ಟಡ, ಅಧ್ಯಾಪಕರ ಸಂಖ್ಯೆ ಎಲ್ಲ ಚರ್ಚೆಯಾದವು. ಮನೆಯ ಹತ್ತಿರ ವಿಶ್ವವಿದ್ಯಾಲಯ ಇರುವುದು ಅಂಗವಿಕಲ ವಿದ್ಯಾರ್ಥಿಗೆ ಏನು ಎಂಬುದನ್ನು ಆ ತಕ್ಕಡಿಯಲ್ಲಿ ಇಡಲೇಬೇಕು. ಬಸ್ ಪಾಸು ಮುಗಿಯುವ 100 ಕಿ.ಮೀ. ಒಳಗೆ ಸಿಗುವ ಪದವಿಗೂ ಅದರಾಚೆಗಿನ ಪದವಿಗೂ ಇರುವ ವ್ಯತ್ಯಾಸ ಅವರ ಪಾಲಿಗೆ ಓದುವುದಕ್ಕೂ ಓದದಿರುವುದಕ್ಕೂ ಇರುವ ವ್ಯತ್ಯಾಸ.

ಹೊಸ ವಿಶ್ವವಿದ್ಯಾಲಯಕ್ಕೆ ಹಳೆಯ ಅಭ್ಯಾಸಗಳ ಹೊರೆ ಇಲ್ಲ. ತನ್ನ ಅಡಿಯ ಕಾಲೇಜುಗಳಲ್ಲಿ ಎಷ್ಟು ಅಂಗವಿಕಲ ವಿದ್ಯಾರ್ಥಿಗಳಿದ್ದಾರೆ, ಎಷ್ಟು ಮಂದಿ ನಡುವೆ ಬಿಟ್ಟರು, ಏಕೆ ಬಿಟ್ಟರು ಎಂಬ ಲೆಕ್ಕವನ್ನು ಅದು ಈ ವರ್ಷವೇ ತೆಗೆದು ಜನರ ಮುಂದಿಡಲಿ. ಪ್ರತಿ ಪಾಠದ ಟಿಪ್ಪಣಿ ಯೂನಿಕೋಡ್ ಕನ್ನಡದಲ್ಲೇ ಇರಬೇಕೆಂದು ಒಂದು ಸುತ್ತೋಲೆ ಹೊರಡಿಸಲಿ. ಪರೀಕ್ಷೆಗೆ ಬರೆದುಕೊಡುವವರ ಪಟ್ಟಿಯನ್ನು ತಾಲ್ಲೂಕುವಾರು ಸಿದ್ಧವಾಗಿಡಲಿ. ಮಳೆಗಾಲದ ಮೂರು ತಿಂಗಳು ಬೇಕಾದವರಿಗೆ ಮನೆಯಿಂದಲೇ ಪಾಠ ಕೇಳುವ ಆಯ್ಕೆಯನ್ನು ಮರಳಿ ಕೊಡಲಿ. ಇವ್ಯಾವುದಕ್ಕೂ ಹೊಸ ಕಟ್ಟಡ ಬೇಕಿಲ್ಲ, ವಿಧಾನಸೌಧದ ಅನುಮತಿಗೆ ಕಾಯಬೇಕಿಲ್ಲ. ಕೊಡಗಿನ ಕಾಲೇಜುಗಳ ಅಧ್ಯಾಪಕರು ತಮ್ಮ ಈ ಸೆಮಿಸ್ಟರಿನ ನೋಟ್ಸಿನಿಂದಲೇ ಆ ಕೆಲಸ ಶುರುಮಾಡಬಹುದು.